ಓದುಗರ ಪ್ರಶ್ನೆ: ಐಸ್ ಹಾಕಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಟ್ರೇಡ್ ಯಾವ್ದು?

ಎನ್‌ಎಚ್‌ಎಲ್, ಅಂದ್ರೆ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್, ಅದರ ಟ್ರೇಡ್‌ಗಳ ಬಗ್ಗೆ ನಾಲ್ಕು ಪ್ರಶ್ನೆ ಬಂದಿವೆ. ಒಂದಕ್ಕೊಂದು ಗಂಟು ಹಾಕ್ಕೊಂಡಿರೋ ವಿಷಯ ಆದ್ರಿಂದ ಒಟ್ಟಿಗೇ ಉತ್ತರ ಬರೀತಿದ್ದೀನಿ.

ಪ್ರಶ್ನೆ (ಎಡ್ಮಂಟನ್‌ನಿಂದ): ಸರ್, ನಾನು ಕೊಡಗಿನವನು, ಹಾಕಿ ನೋಡ್ಕೊಂಡೇ ಬೆಳೆದಿದ್ದು, ಆದ್ರೆ ಐಸ್ ಹಾಕಿ ಗೊತ್ತಾಗಿದ್ದು ಇಲ್ಲಿಗೆ ಬಂದ್ಮೇಲೇ. ಆಫೀಸಲ್ಲಿ ಸ್ವಲ್ಪ ವಯಸ್ಸಾದವರು ಗ್ರೆಟ್ಜ್‌ಕಿನ ಮಾರಿದ ದಿನದ ಬಗ್ಗೆ ಈಗ್ಲೂ ಮನೇಲಿ ಸಾವಾದ ಹಾಗೆ ಮಾತಾಡ್ತಾರೆ. ಅದೇನಾ ಎಲ್ಲಕ್ಕಿಂತ ಕೆಟ್ಟ ಟ್ರೇಡ್? ಟ್ರೇಡ್ ಅಂದ್ರೆ ಐಪಿಎಲ್ ಹರಾಜಿನ ತರಾನಾ?

ಉತ್ತರ: ಹರಾಜಿನ ತರ ಅಲ್ಲ. ಎನ್‌ಎಚ್‌ಎಲ್‌ನಲ್ಲಿ ಆಟಗಾರನ ಕಾಂಟ್ರಾಕ್ಟ್ ಟೀಮಿನ ಕೈಲಿರುತ್ತೆ, ಒಂದು ಟೀಮಿನ ಜನರಲ್ ಮ್ಯಾನೇಜರ್, ಎಲ್ರೂ ಜಿಎಂ ಅಂತಾರೆ, ಇನ್ನೊಂದು ಟೀಮಿನ ಜಿಎಂಗೆ ಫೋನ್ ಮಾಡಿ ಇವನನ್ನ ಕೊಡ್ತೀನಿ ಅವನನ್ನ ಕೊಡಿ ಅಂತ ಮಾತಾಡ್ತಾರೆ, ಅಷ್ಟೇ. ಆಟಗಾರರ ಜತೆ ಡ್ರಾಫ್ಟ್ ಪಿಕ್ ಕೂಡ ಸೇರಿಸ್ಬಹುದು, ಅಂದ್ರೆ ಮುಂದೆ ಬರೋ ಹೊಸ ಹುಡುಗರನ್ನ ಆರಿಸ್ಕೊಳ್ಳೋ ಸರದಿ. ಕಾಂಟ್ರಾಕ್ಟ್‌ನಲ್ಲಿ ಮೊದ್ಲೇ ಬರೆಸ್ಕೊಂಡಿಲ್ಲ ಅಂದ್ರೆ ಆಟಗಾರನ ಒಪ್ಪಿಗೆ ಯಾರೂ ಕೇಳಲ್ಲ. ರಾತ್ರಿ ಫೋನ್ ಬರುತ್ತೆ, ಬೆಳಗ್ಗೆ ಬೇರೆ ಊರು.

ಈಗ ಗ್ರೆಟ್ಜ್‌ಕಿ. 1984, 85, 87, 88, ಐದು ವರ್ಷದಲ್ಲಿ ನಾಲ್ಕು ಸ್ಟ್ಯಾನ್ಲಿ ಕಪ್, ಅಂದ್ರೆ ಎನ್‌ಎಚ್‌ಎಲ್ ಚಾಂಪಿಯನ್ ಕಪ್, ಗೆದ್ದ ಎಡ್ಮಂಟನ್ ಆಯ್ಲರ್ಸ್ ಟೀಮಿನ ಕ್ಯಾಪ್ಟನ್, ವಯಸ್ಸು 27. ನಾಲ್ಕನೇ ಕಪ್ ಗೆದ್ದಿದ್ದು ಮೇ ತಿಂಗಳಲ್ಲಿ, ಜುಲೈನಲ್ಲಿ ಎಡ್ಮಂಟನ್‌ನಲ್ಲೇ ಮದುವೆ, ಇಡೀ ಊರೇ ಸಂಭ್ರಮ ಪಟ್ಟಿತ್ತು, 1988ರ ಆಗಸ್ಟ್ 9ಕ್ಕೆ ಅವನು ಲಾಸ್ ಏಂಜಲಿಸ್ ಕಿಂಗ್ಸ್ ಪಾಲು. ಪ್ರೆಸ್ ಮೀಟಲ್ಲಿ ಮಾತಾಡೋಕೆ ಕೂತವನು ಅರ್ಧಕ್ಕೇ ನಿಲ್ಲಿಸಿ ಕಣ್ಣೊರೆಸ್ಕೊಂಡ. ಆ ವಿಡಿಯೋ ಸಿಗುತ್ತೆ, ನೋಡಿ, ಮಾತು ಬರದೆ ಸುಮ್ಮನೆ ಕೂತಿರೋ ಆ ಕೆಲವು ಸೆಕೆಂಡ್ ಸಾಕು ನಿಮ್ಮ ಆಫೀಸಿನವರು ಯಾಕೆ ಹಾಗೆ ಮಾತಾಡ್ತಾರೆ ಅಂತ ಗೊತ್ತಾಗೋಕೆ. ನೆಲ್ಸನ್ ರೀಸ್ ಅನ್ನೋ ಎಂಪಿ ಸರ್ಕಾರನೇ ಮಧ್ಯೆ ಬಂದು ಇದನ್ನ ತಡೀಬೇಕು ಅಂತ ಕೇಳಿದ್ರು. ಓನರ್ ಪೀಟರ್ ಪಾಕ್ಲಿಂಗ್ಟನ್‌ಗೆ ಬೇಕಾಗಿದ್ದು ದುಡ್ಡು, 1.5 ಕೋಟಿ ಅಮೆರಿಕನ್ ಡಾಲರ್ ಕೈಗೆ ಬಂತು. ಜತೆಗೆ ಜಿಮ್ಮಿ ಕಾರ್ಸನ್, ಮಾರ್ಟಿನ್ ಜೆಲಿನಾ, ಇನ್ನೂ ಮೂರು ಫಸ್ಟ್ ರೌಂಡ್ ಪಿಕ್.

ಊರಿಗೆ ಆದ ನೋವಿನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ, ಒಪ್ತೀನಿ. ಆದ್ರೆ ಟ್ರೇಡ್ ಅಂತ ಅಳೆದ್ರೆ ನಾನು ಇದನ್ನ ಮೊದಲನೇ ಸ್ಥಾನಕ್ಕೆ ಹಾಕಲ್ಲ. ಕಾರ್ಸನ್ ಮೊದಲ ಸೀಸನ್‌ನಲ್ಲಿ, ಹೊಡೆದ ಗೋಲ್ ಮತ್ತು ಗೋಲ್‌ಗೆ ಕೊಟ್ಟ ಪಾಸ್ ಎರಡೂ ಸೇರಿ, 100 ಪಾಯಿಂಟ್ ಮಾಡಿದ, ಆದ್ರೆ ಗ್ರೆಟ್ಜ್‌ಕಿ ಬದಲಿಗೆ ಬಂದವನು ಅನ್ನೋ ಭಾರ ಹೊರೋಕಾಗದೆ ನನ್ನ ಬೇರೆ ಕಡೆ ಕಳಿಸಿ ಅಂದ, 1989ರ ನವೆಂಬರ್‌ನಲ್ಲಿ ಡೆಟ್ರಾಯಿಟ್‌ಗೆ ಕಳಿಸಿದ್ರು, ಅಲ್ಲಿಂದ ಪೀಟರ್ ಕ್ಲಿಮಾ, ಜೋ ಮರ್ಫಿ, ಆಡಮ್ ಗ್ರೇವ್ಸ್ ಬಂದ್ರು. ಮುಂದಿನ ಬೇಸಿಗೆಗೇ, 1990ರ ಫೈನಲ್ ಮೊದಲ ಮ್ಯಾಚ್, ಬಾಸ್ಟನ್‌ನಲ್ಲಿ ಮೂರನೇ ಓವರ್‌ಟೈಮ್‌ವರೆಗೂ ಎಳೆದು ಎಲ್ಲರ ಕಾಲು ಸೋತು ಹೋಗಿದ್ದಾಗ, ಅಷ್ಟೊತ್ತೂ ಹೆಚ್ಚಾಗಿ ಬೆಂಚಲ್ಲೇ ಕೂತಿದ್ದ ಕ್ಲಿಮಾ ಐಸ್‌ಗೆ ಇಳಿದು ಗೋಲ್ ಹೊಡೆದ. ಎಡ್ಮಂಟನ್ ಐದನೇ ಕಪ್ ಗೆದ್ದಿತು, ಗ್ರೆಟ್ಜ್‌ಕಿ ಇಲ್ದೇನೇ. ಗ್ರೆಟ್ಜ್‌ಕಿ ಹೋದ ಲಾಸ್ ಏಂಜಲಿಸ್‌ಗೆ ಅವನ ಕಾಲದಲ್ಲಿ ಒಂದು ಕಪ್ಪೂ ಸಿಗಲಿಲ್ಲ, 1993ರಲ್ಲಿ ಫೈನಲ್‌ಗೆ ಬಂದು ಮಾಂಟ್ರಿಯಲ್ ಕೈಲಿ ಸೋತ್ರು.

ನೀವು ಎಡ್ಮಂಟನ್‌ನಲ್ಲೇ ಇದ್ದೀರಲ್ಲ, ರೋಜರ್ಸ್ ಪ್ಲೇಸ್ ಹೊರಗೆ ಅವನು ಕಪ್ ಎತ್ತಿ ಹಿಡಿದಿರೋ ಪ್ರತಿಮೆ ಇದೆ, ಒಮ್ಮೆ ಹೋಗಿ ನೋಡಿ ಬನ್ನಿ. ಮತ್ತೆ ಆ ಮೂರು ಪಿಕ್‌ಗಳಲ್ಲಿ 1991ರದ್ದನ್ನ ನೆನಪಿಟ್ಕೊಳ್ಳಿ, ಅದ್ರಲ್ಲಿ ಎಡ್ಮಂಟನ್ ಆರಿಸಿದ್ದು ಮಾರ್ಟಿನ್ ರುಚಿನ್‌ಸ್ಕಿ ಅನ್ನೋ ಹುಡುಗನನ್ನ, ಅವನ ಹೆಸರು ಕೆಳಗೆ ಮತ್ತೆ ಬರುತ್ತೆ.

ಪ್ರಶ್ನೆ (ಮಿಸ್ಸಿಸಾಗಾದಿಂದ): ನನ್ನ ಮಗನಿಗೆ ಹನ್ನೆರಡು ವರ್ಷ, ಅವನ ಟೀಮಲ್ಲಿ ಅವನೇ ಗೋಲಿ, ಅಂದ್ರೆ ಗೋಲ್‌ಕೀಪರ್. ಕೆಟ್ಟ ಟ್ರೇಡ್ ಯಾವ್ದು ಅಂತ ಮನೇಲಿ ಅಪ್ಪ ಮಗ ದಿನಾ ಜಗಳ. ಒಂದೇ ಒಂದು ಹೆಸರು ಹೇಳಿ ಅಂದ್ರೆ ಯಾವ್ದು ಹೇಳ್ತೀರಿ ಸರ್?

ಉತ್ತರ: ಗೋಲಿ ಪ್ಯಾಟ್ರಿಕ್ ರುವಾ, ಮಾಂಟ್ರಿಯಲ್‌ನಿಂದ ಕೊಲರಾಡೊಗೆ, 1995ರ ಡಿಸೆಂಬರ್ 6. ನನಗೆ ಇದರಲ್ಲಿ ಎರಡನೇ ಯೋಚನೆನೇ ಇಲ್ಲ. ಹೆಸರು ಬರೆಯೋದು ರಾಯ್ ಅಂತ, ಫ್ರೆಂಚ್‌ನಲ್ಲಿ ಓದೋದು ರುವಾ, ಮಗನಿಗೆ ಗೊತ್ತಿರುತ್ತೆ.

ನಿಮ್ಮ ಮಗ ಗೋಲಿ ಅಂದ್ರಲ್ಲ ಅಮ್ಮಾ, ಅವನಿಗೆ ಈ ಕತೆ ಬೇಗ ಅರ್ಥ ಆಗುತ್ತೆ. ಗೋಲಿಗೆ ಕೆಟ್ಟ ದಿನ ಬಂದ್ರೆ ನಾಲ್ಕೋ ಐದೋ ಗೋಲ್ ಆದ್ಮೇಲೆ ಕೋಚ್ ಬೆಂಚಿಗೆ ಕರ್ಕೊಂಡು ಇನ್ನೊಬ್ಬನನ್ನ ಇಳಿಸ್ತಾರೆ, ಆಟದಲ್ಲಿ ಅದನ್ನ ದಯೆ ಅಂತಾನೇ ತಿಳ್ಕೋತಾರೆ. ಡಿಸೆಂಬರ್ 2ರ ರಾತ್ರಿ ಮಾಂಟ್ರಿಯಲ್ ಫೋರಮ್‌ನಲ್ಲಿ, ಆ ಹಳೇ ಕಟ್ಟಡದ ಕೊನೇ ಸೀಸನ್ ಅದು, ಡೆಟ್ರಾಯಿಟ್ ಬಂದು ಗೋಲ್ ಮೇಲೆ ಗೋಲ್ ಹೊಡೀತಿದೆ, ಕೋಚ್ ಮಾರಿಯೊ ತ್ರಾಂಬ್ಲೆ ಕರೀತಾನೇ ಇಲ್ಲ. ಐದಾಯ್ತು, ಏಳಾಯ್ತು. ಮಧ್ಯದಲ್ಲಿ ಒಂದು ಸುಲಭದ ಪಕ್, ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರೋದು, ತಡೆದಾಗ ಊರಿನ ಜನನೇ ವ್ಯಂಗ್ಯವಾಗಿ ಚಪ್ಪಾಳೆ ಹೊಡೆದ್ರು, 1986ರಲ್ಲಿ ಒಂದು, 1993ರಲ್ಲಿ ಒಂದು, ಎರಡು ಕಪ್ ತಂದುಕೊಟ್ಟ ಗೋಲಿಗೆ. ರುವಾ ಎರಡೂ ಕೈ ಮೇಲಕ್ಕೆತ್ತಿ ಅವರ ಕಡೆ ತಿರುಗಿದ. 26 ಶಾಟ್‌ಗೆ 9 ಗೋಲ್ ಆದ್ಮೇಲೆ, ಎರಡನೇ ಪೀರಿಯಡ್‌ನಲ್ಲಿ ಕೊನೆಗೂ ಕರೆದ್ರು. ಅವನು ಬೆಂಚಿಗೆ ಬಂದ, ತ್ರಾಂಬ್ಲೆ ಮುಂದೆ ಹಾದು ಹೋದ, ಮತ್ತೆ ವಾಪಸ್ ತಿರುಗಿ ಬಂದು ಬೆಂಚಿನ ಹಿಂದಿನ ಸಾಲಲ್ಲಿ ಕೂತಿದ್ದ ಟೀಮಿನ ಪ್ರೆಸಿಡೆಂಟ್ ರೊನಾಲ್ಡ್ ಕೋರಿ ಕಡೆ ಬಗ್ಗಿ, ಮಾಂಟ್ರಿಯಲ್‌ಗೆ ಇದೇ ನನ್ನ ಕೊನೇ ಮ್ಯಾಚ್ ಅಂತ ಹೇಳಿ ಕೂತ. ಮ್ಯಾಚ್ ಮುಗಿದಾಗ 11-1.

ಇಲ್ಲಿ ಯಾರ್ಯಾರು ಯಾರು ಅಂತ ತಿಳ್ಕೊಂಡ್ರೆ ಇನ್ನೂ ಸಂಕಟ ಆಗುತ್ತೆ. ತ್ರಾಂಬ್ಲೆ ಮತ್ತು ಜಿಎಂ ರೇಜಾನ್ ಊಲ್ ಇಬ್ರೂ ಆ ಕುರ್ಚಿಗೆ ಬಂದು ಆರೇ ವಾರ ಆಗಿತ್ತು, ಇಬ್ರೂ ಹಿಂದೆ ಮಾಂಟ್ರಿಯಲ್‌ಗೆ ಆಡಿದವರೇ, ಆದ್ರೆ ಒಬ್ರಿಗೆ ಕೋಚ್ ಆಗಿ ಅನುಭವ ಇಲ್ಲ, ಇನ್ನೊಬ್ರಿಗೆ ಜಿಎಂ ಆಗಿ ಇಲ್ಲ. ತ್ರಾಂಬ್ಲೆ ಆಡಿದ ಕೊನೇ ಸೀಸನ್ನೂ ರುವಾ ಪೂರ್ತಿ ಆಡಿದ ಮೊದಲ ಸೀಸನ್ನೂ ಒಂದೇ, ಅಂದ್ರೆ ಒಂದೇ ಡ್ರೆಸಿಂಗ್ ರೂಮಲ್ಲಿ ಕೂತವರು. ಮಾರನೇ ದಿನ ಎಲ್ರನ್ನೂ ಮನೆಗೆ ಕಳಿಸಿ, ಒಂದು ವಾರ ಯಾರ ಫೋನೂ ಎತ್ತದೆ ಸುಮ್ಮನಿದ್ದಿದ್ರೆ ಸಾಕಿತ್ತು. ಅದರ ಬದಲು ನಾಲ್ಕೇ ದಿನಕ್ಕೆ ಟ್ರೇಡ್ ಮುಗಿಸಿದ್ರು, ಮಾರಲೇಬೇಕು ಅಂತ ಕೂತವನಿಗೆ ಎಲ್ಲಿ ರೇಟ್ ಸಿಗುತ್ತೆ ಹೇಳಿ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತವಾದ್ಮೇಲೆ ಬರುತ್ತಾ ಅಂತಾರಲ್ಲ, ಅದೇ.

ಆ ಕಡೆ ಕೊಲರಾಡೊ ಜಿಎಂ ಯಾರು ಅಂದ್ರೆ ಪಿಯೆರ್ ಲಾಕ್ರುವಾ, ಆ ಕೆಲಸಕ್ಕೆ ಬರೋ ಮುಂಚೆ ಇದೇ ರುವಾಗೆ ಏಜೆಂಟ್ ಆಗಿದ್ದವರು! ಇವನ ಮನಸ್ಸು, ಇವನ ಬೆಲೆ ಎರಡೂ ಅವರಿಗೆ ಬಾಯಿಪಾಠ. ಇನ್ನೊಂದು ಏನಂದ್ರೆ ಆ ಕೊಲರಾಡೊ ಟೀಮ್ ಕೆಲವೇ ತಿಂಗಳ ಹಿಂದೆ ಕ್ವಿಬೆಕ್ ಸಿಟಿಯಲ್ಲಿತ್ತು, ನಾರ್ಡೀಕ್ಸ್ ಅಂತ, ಮಾಂಟ್ರಿಯಲ್‌ಗೆ ಪಕ್ಕದ ಮನೆ ವೈರಿ. ಟೀಮ್ ಅಲ್ಲೇ ಇದ್ದಿದ್ರೆ ಮಾಂಟ್ರಿಯಲ್ ಜನ ಇಂಥ ಟ್ರೇಡ್ ಆಗೋಕೆ ಬಿಡ್ತಿರಲೇ ಇಲ್ಲ.

ಮಾಂಟ್ರಿಯಲ್ ಕೊಟ್ಟಿದ್ದು ರುವಾ ಜತೆಗೆ ಕ್ಯಾಪ್ಟನ್ ಮೈಕ್ ಕೀನ್. ಹೌದು, ಕ್ಯಾಪ್ಟನ್ನೂ ಹೋದ. ಬಂದಿದ್ದು ಮೂವರು. ಆಂಡ್ರೇ ಕೊವಾಲೆಂಕೊ, ಮುಂದಿನ ಸೀಸನ್ ಶುರುವಾಗೋ ಮುಂಚೆನೇ ಅವನನ್ನ ಎಡ್ಮಂಟನ್‌ಗೆ ಸಾಗಿಸಿದ್ರು. ಎರಡನೆಯವನು ಮೇಲೆ ಹೇಳಿದ ಅದೇ ಮಾರ್ಟಿನ್ ರುಚಿನ್‌ಸ್ಕಿ, ಗ್ರೆಟ್ಜ್‌ಕಿ ಟ್ರೇಡ್‌ನ ಪಿಕ್ಕಲ್ಲಿ ಬಂದವನು, ಎಡ್ಮಂಟನ್‌ನಿಂದ ಕ್ವಿಬೆಕ್, ಅಲ್ಲಿಂದ ಟೀಮ್ ಜತೆ ಕೊಲರಾಡೊ. ಮೂರನೆಯವನು ಜೊಸ್ಲಿನ್ ತಿಬೊ, ಗೋಲಿ. ಈ ತಿಬೊ ಎಲ್ಲಿಂದ ಬಂದ ಗೊತ್ತಾ? 1991ರಲ್ಲಿ ಕ್ವಿಬೆಕ್ ಮೊದಲ ಪಿಕ್ಕಲ್ಲಿ ಎರಿಕ್ ಲಿಂಡ್ರೋಸ್‌ನ ಆರಿಸಿತ್ತು, ಅವನು ನಿಮಗೆ ಆಡಲ್ಲ ಅಂತ ಹಠ ಹಿಡಿದು ಕೂತ, 1992ರ ಜೂನ್‌ನಲ್ಲಿ ಕ್ವಿಬೆಕ್‌ನವರು ಅವನನ್ನ ಒಂದೇ ಸಲಕ್ಕೆ ಫಿಲಡೆಲ್ಫಿಯಾಗೂ ಕೊಟ್ಟೆ ಅಂದ್ರು, ನ್ಯೂಯಾರ್ಕ್ ರೇಂಜರ್ಸ್‌ಗೂ ಕೊಟ್ಟೆ ಅಂದ್ರು, ಮಧ್ಯಸ್ಥರು ಕೂತು ವಿಚಾರಣೆ ಮಾಡಿ ಫಿಲಡೆಲ್ಫಿಯಾಗೆ ಸೇರಬೇಕು ಅಂತ ತೀರ್ಪು ಕೊಟ್ರು. ಅದಕ್ಕೆ ಬದಲಾಗಿ ಕ್ವಿಬೆಕ್‌ಗೆ ಪೀಟರ್ ಫೋರ್ಸ್‌ಬರ್ಗ್, ಇನ್ನೂ ಐವರು ಆಟಗಾರರು, 1.5 ಕೋಟಿ ಡಾಲರ್, ಮತ್ತೆ ಎರಡು ಪಿಕ್. ಆ ಎರಡರಲ್ಲಿ ಒಂದು ಪಿಕ್ಕೇ ತಿಬೊ. ನೋಡಿ, ಆಗಿನ ಕಾಲದ ಅತಿ ದೊಡ್ಡ ಎರಡು ಟ್ರೇಡ್‌ಗಳಲ್ಲಿ ಮಿಕ್ಕ ಚಿಲ್ಲರೆನ ಲಾಕ್ರುವಾ ಒಟ್ಟು ಮಾಡಿ ಕೊಟ್ರು, ರುವಾನ ಮನೆಗೆ ಕರ್ಕೊಂಡು ಹೋದ್ರು, ಫೋರ್ಸ್‌ಬರ್ಗ್‌ನ ಮಾತ್ರ ಕೈಬಿಡಲಿಲ್ಲ.

ಆರು ತಿಂಗಳಿಗೆ, 1996ರ ಜೂನ್ 10, ಫ್ಲಾರಿಡಾ ಮೇಲೆ ಫೈನಲ್ ನಾಲ್ಕನೇ ಮ್ಯಾಚ್, ಮೂರನೇ ಓವರ್‌ಟೈಮ್‌ವರೆಗೂ ಎರಡೂ ಕಡೆ ಸೊನ್ನೆ, ರುವಾ 63 ಶಾಟ್ ತಡೆದ, ಕೊಲರಾಡೊ 1-0. ಟೀಮ್ ಕೊಲರಾಡೊದ ಡೆನ್ವರ್‌ಗೆ ಬಂದ ಮೊದಲ ವರ್ಷನೇ ಕಪ್. 2001ರಲ್ಲಿ ಇನ್ನೊಂದು. ಮಾಂಟ್ರಿಯಲ್‌ಗೆ 1993ರದ್ದೇ ಕೊನೇದು, ಅವತ್ತಿಂದ ಇವತ್ತಿನವರೆಗೆ ಒಂದೂ ಇಲ್ಲ.

ತಿಬೊ ಬಗ್ಗೆ ಒಂದು ಮಾತು ಹೇಳ್ದಿದ್ರೆ ನನಗೆ ಸಮಾಧಾನ ಆಗಲ್ಲ. ಮಾಂಟ್ರಿಯಲ್‌ನಲ್ಲೇ ಹುಟ್ಟಿದ ಹುಡುಗ, ಇನ್ನೂ 21 ತುಂಬಿರಲಿಲ್ಲ, ರುವಾ ನಿಂತಿದ್ದ ಜಾಗದಲ್ಲಿ ತಂದು ನಿಲ್ಲಿಸಿದ್ರು. ಒಳ್ಳೇ ಗೋಲಿ ಅವನು. ಪ್ರತಿ ಗೋಲ್ ಹೋದಾಗ್ಲೂ ಜನ ರುವಾನ ನೆನೆಸ್ಕೊಂಡ್ರು. ನಿಮ್ಮ ಮಗನಿಗೆ ರುವಾ ವಿಡಿಯೋ ತೋರಿಸಿದಾಗ ತಿಬೊ ಹೆಸರೂ ಹೇಳಿ.

ಪ್ರಶ್ನೆ (ನ್ಯೂಯಾರ್ಕ್, ಲಾಂಗ್ ಐಲೆಂಡ್‌ನಿಂದ): ನಮ್ಮ ಐಲ್ಯಾಂಡರ್ಸ್ ಟೀಮ್ ಬಗ್ಗೆನೂ ಒಂದೆರಡು ಮಾತು ಬರೀರಿ ಸರ್, ಎಷ್ಟು ಕೆಟ್ಟದಾಗಿದ್ರೂ ಪರ್ವಾಗಿಲ್ಲ.

ಉತ್ತರ: ಒಂದೇ ಟ್ರೇಡ್ ಅಂದ್ರೆ ರುವಾ, ಒಬ್ಬನೇ ಜಿಎಂ ಅಂದ್ರೆ ಮೈಕ್ ಮಿಲ್‌ಬರಿ, ನಿಮ್ಮ ಟೀಮಿನವರೇ. 2000ದ ಜೂನ್ 24, ಒಂದೇ ದಿನದಲ್ಲಿ ಗೋಲಿ ರಾಬರ್ಟೊ ಲುವಾಂಗೊ ಮತ್ತು ಓಲಿ ಯೋಕಿನೆನ್ ಇಬ್ರನ್ನೂ ಫ್ಲಾರಿಡಾಗೆ ಕೊಟ್ಟು ಮಾರ್ಕ್ ಪ್ಯಾರಿಶ್, ಒಲೆಗ್ ಕ್ವಾಶಾನ ತಗೊಂಡ್ರು. ಯಾಕೆ ಅಂದ್ರೆ ಅವತ್ತೇ ಡ್ರಾಫ್ಟ್‌ನಲ್ಲಿ ಮೊದಲ ಪಿಕ್‌ಗೆ ರಿಕ್ ಡಿಪಿಯೆಟ್ರೊ ಅನ್ನೋ ಇನ್ನೊಬ್ಬ ಗೋಲಿನ ಆರಿಸಿದ್ರು. ಲುವಾಂಗೊ ಮುಂದೆ 1,044 ಮ್ಯಾಚ್ ಆಡಿ ಹಾಲ್ ಆಫ್ ಫೇಮ್ ಸೇರಿದ. ಡಿಪಿಯೆಟ್ರೊ ಒಂದರ ಹಿಂದೆ ಒಂದು ಗಾಯದಲ್ಲಿ 318ಕ್ಕೇ ಮುಗಿಸಿದ, ಗಾಯ ಅವನ ಕೈಲಿರಲಿಲ್ಲ, ಆದ್ರೆ ಮೂರು ವರ್ಷದ ಹಿಂದೆ ತಾವೇ ನಾಲ್ಕನೇ ಪಿಕ್ಕಲ್ಲಿ ತಂದ ಗೋಲಿ 24 ಮ್ಯಾಚ್ ಆಡಿದ್ದಾನೆ ಅಷ್ಟೆ, ಅಷ್ಟರಲ್ಲೇ ಕೈಬಿಡೋದಾ?

ಸರಿಯಾಗಿ ಒಂದು ವರ್ಷಕ್ಕೆ, 2001ರ ಜೂನ್ 23, ಅಲೆಕ್ಸೇ ಯಾಶಿನ್‌ಗೋಸ್ಕರ ಒಟ್ಟಾವಾಗೆ ಜ್ಡೆನೊ ಚಾರಾನ ಕೊಟ್ರು, ಜತೆಗೆ ಬಿಲ್ ಮಕಾಲ್ಟ್ ಮತ್ತು ಆ ವರ್ಷದ ಎರಡನೇ ಪಿಕ್, ಅದು ಜೇಸನ್ ಸ್ಪೆಜಾ. ಚಾರಾ 6 ಅಡಿ 9 ಇಂಚಿನ ಆಳು, 2009ರಲ್ಲಿ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡೋ ನಾರಿಸ್ ಟ್ರೋಫಿ, 2011ರಲ್ಲಿ ಬಾಸ್ಟನ್ ಕ್ಯಾಪ್ಟನ್ ಆಗಿ ಕಪ್. ಯಾಶಿನ್‌ಗೆ 10 ವರ್ಷಕ್ಕೆ 8.75 ಕೋಟಿ ಡಾಲರ್ ಬರೆದುಕೊಟ್ರು, 2007ರಲ್ಲಿ ಕಾಂಟ್ರಾಕ್ಟ್ ಮುರ್ಕೊಂಡ್ರು, ಆದ್ರೆ ಅದಕ್ಕೆ ಕೊಡಬೇಕಾದ ದುಡ್ಡಿನ ಲೆಕ್ಕ 2015ರವರೆಗೂ ಟೀಮಿನ ತಲೆ ಮೇಲಿತ್ತು. ಯಾಶಿನ್ ಇದ್ದಷ್ಟು ದಿನ ಟೀಮ್ ಪ್ಲೇಆಫ್‌ನಲ್ಲಿ ಒಂದು ಸುತ್ತೂ ದಾಟಲಿಲ್ಲ. 1980ರಿಂದ 83ರವರೆಗೆ ಸತತ ನಾಲ್ಕು ಕಪ್ ಗೆದ್ದ ಟೀಮ್ ಇದು. ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ.

ಪ್ರಶ್ನೆ (ವ್ಯಾಂಕೂವರ್‌ನಿಂದ): ಇಲ್ಲಿಯವರು ಕ್ಯಾಮ್ ನೀಲಿ ಹೆಸರು ಎತ್ತಿದ್ರೆ ಸಾಕು ತಲೆ ಅಲ್ಲಾಡಿಸ್ತಾರೆ. ಏನಾಗಿತ್ತು?

ಉತ್ತರ: ವ್ಯಾಂಕೂವರ್‌ನವರು 1986ರ ಜೂನ್ 6ಕ್ಕೆ ಬ್ಯಾರಿ ಪೆಡರ್‌ಸನ್‌ಗೋಸ್ಕರ ನೀಲಿನ ಬಾಸ್ಟನ್‌ಗೆ ಕೊಟ್ರು, ಅವತ್ತು ನೀಲಿಗೆ 21ನೇ ಹುಟ್ಟುಹಬ್ಬ. ಅದೂ ಸಾಲದು ಅಂತ ಮುಂದಿನ ವರ್ಷದ ಫಸ್ಟ್ ರೌಂಡ್ ಪಿಕ್ ಬೇರೆ, ಅದರಲ್ಲಿ ಬಾಸ್ಟನ್‌ಗೆ ಗ್ಲೆನ್ ವೆಸ್ಲಿ ಸಿಕ್ಕಿದ. ನೀಲಿ ಮೊಣಕಾಲು ಹಾಳಾಗಿದ್ರೂ 1993-94ರಲ್ಲಿ 44 ಮ್ಯಾಚ್‌ಗೆ 50 ಗೋಲ್ ಹೊಡೆದ. ಹುಡುಗ ಹಣ್ಣಾಗೋವರೆಗೆ ಕಾಯೋ ತಾಳ್ಮೆ ಇರಲಿಲ್ಲ ವ್ಯಾಂಕೂವರ್‌ಗೆ, ಅಷ್ಟೇ ನಡೆದಿದ್ದು.

ಆದ್ರೆ ನಿಮ್ಮೂರಿನವರಿಗೆ ಹತ್ತು ವರ್ಷ ಆದ್ಮೇಲಿನ ಇನ್ನೊಂದು ದಿನವನ್ನೂ ನೆನಪಿಸಿ. 1996ರ ಮಾರ್ಚ್ 20, ಪಿಟ್ಸ್‌ಬರ್ಗ್‌ಗೆ ಮೈಕೈ ಬಲ ಇರೋ ಆಟಗಾರ ಬೇಕಿತ್ತು, ವ್ಯಾಂಕೂವರ್ ಅಲೆಕ್ ಸ್ಟೊಯಾನೊವ್‌ನ ಕೊಟ್ಟು ಮಾರ್ಕುಸ್ ನಾಸ್ಲಂಡ್ ಅನ್ನೋ 22 ವರ್ಷದ ಸ್ವೀಡನ್ ಹುಡುಗನನ್ನ ತಗೊಂಡಿತು. ಸ್ಟೊಯಾನೊವ್ ಎನ್‌ಎಚ್‌ಎಲ್‌ನಲ್ಲಿ ಒಟ್ಟು ಹೊಡೆದಿದ್ದು 2 ಗೋಲ್. ನಾಸ್ಲಂಡ್ ಮೊದಲ ಒಂದೆರಡು ವರ್ಷ ತಡವರಿಸಿದ, ಈ ಸಲ ಟೀಮಿನವರು ಕಾದ್ರು, ಆಮೇಲೆ ಅವನೇ ಕ್ಯಾಪ್ಟನ್ ಆದ. ಇನ್ನೊಮ್ಮೆ ರೋಜರ್ಸ್ ಅರೀನಾಗೆ ಹೋದಾಗ ಕತ್ತೆತ್ತಿ ನೋಡಿ, ಅವನ 19ನೇ ನಂಬರ್ ಮೇಲೆ ತೂಗು ಹಾಕಿದ್ದಾರೆ.