ಫಾರ್ಮ್ಯಾಟ್ ಹೊಡೆಸುವ ಮೊದಲು

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: ‘ಅಂಗಡಿಯವರು ಫಾರ್ಮ್ಯಾಟ್ ಹೊಡೀಬೇಕು ಅಂದ್ರು, ಹೊಡೆಸಿಬಿಡಲಾ?’ ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿದ್ದದ್ದನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಸಾಗರದಲ್ಲಿ ಇಪ್ಪತ್ತೆರಡು ವರ್ಷ ಡಿಟಿಪಿ ಅಂಗಡಿ ನಡೆಸಿದವಳು ನಾನು. ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ ಇವೇ ನನ್ನ ದಿನದ ಕೆಲಸವಾಗಿದ್ದವು. ಕೆಟ್ಟ ಕಂಪ್ಯೂಟರಿಗೆ ಬದಲಿ ಕಂಪ್ಯೂಟರ್ ಸಿಗುತ್ತದೆ, ಅದರೊಳಗಿದ್ದದ್ದಕ್ಕೆ ಬದಲಿ ಸಿಗುವುದಿಲ್ಲ. ಹಾಗಾಗಿ ಈ ತಿಂಗಳ ಉತ್ತರಗಳಲ್ಲಿ ಒಂದೇ ಮಾತು ಎರಡು ಮೂರು ಕಡೆ ಬಂದರೆ ಬೇಸರಿಸಬೇಡಿ.

ಅಕ್ಕಾ, ನಮ್ಮ ಅತ್ತೆ ಹೇಳುತ್ತಿದ್ದ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಸುವ ಹಾಡು ಎಲ್ಲ ಸೇರಿಸಿ ನೂರಕ್ಕೂ ಹೆಚ್ಚು ಹಾಡುಗಳನ್ನು 2006ರಲ್ಲಿ ಟೈಪ್ ಮಾಡಿಸಿ ಸಿ.ಡಿ.ಯಲ್ಲಿ ಇಟ್ಟಿದ್ದೆ. ಅತ್ತೆ ಈಗಿಲ್ಲ. ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದಕ್ಷರವೂ ಕನ್ನಡವಿಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆ. ಫೈಲ್ ಹಾಳಾಗಿದೆ, ಮತ್ತೆ ಟೈಪ್ ಮಾಡಿಸಬೇಕು ಎನ್ನುತ್ತಾರೆ. ಹೌದೇ?
— ಗೃಹಿಣಿ, ಸಿದ್ದಾಪುರ

ಫೈಲ್ ಹಾಳಾಗಿಲ್ಲ ತಾಯಿ. ಸಿ.ಡಿ. ಓದುತ್ತಿದೆ, ಫೈಲ್ ತೆರೆಯುತ್ತಿದೆ ಎಂದರೆ ನಿಮ್ಮ ಅತ್ತೆಯವರ ಹಾಡುಗಳು ಇನ್ನೂ ಅಲ್ಲೇ ಇವೆ. ಮೊದಲು ಆ ಸಿ.ಡಿ.ಯಲ್ಲಿರುವುದನ್ನೆಲ್ಲ ಲ್ಯಾಪ್‌ಟಾಪಿಗೆ ಒಂದು, ಪೆನ್‌ಡ್ರೈವಿಗೆ ಒಂದು ನಕಲು ಮಾಡಿ. ಇಪ್ಪತ್ತು ವರ್ಷದ ಸಿ.ಡಿ. ಇನ್ನೆಷ್ಟು ಸಲ ಓದುತ್ತದೋ ನಂಬುವಂತಿಲ್ಲ, ಅದರಲ್ಲೂ ನಮ್ಮ ಕಡೆಯ ಮಳೆಗಾಲದ ತೇವದಲ್ಲಿ.

ಈಗ ನಡೆದದ್ದು ಏನೆಂದು ಹೇಳುತ್ತೇನೆ. ಆ ಕಾಲದಲ್ಲಿ ನಾವು ಡಿಟಿಪಿಯವರು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪಿಸುತ್ತಿದ್ದಾಗ ಕಂಪ್ಯೂಟರಿನ ಒಳಗೆ ಕನ್ನಡ ಕೂರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಬರೆದಿಟ್ಟ ಫಾಂಟ್‌ಗಳು ಅವು. ನುಡಿಯಲ್ಲಿ ‘ಕ’ ಎಂದು ಕಂಡದ್ದು ಒಳಗಡೆ ಒಂದು ಇಂಗ್ಲಿಷ್ ಪಿ ಮತ್ತು ನೆತ್ತಿಯ ಮೇಲೆ ಗೀಟಿರುವ ಒಂದು ಎ. ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಒಳಗಿದ್ದ ಪಿ ಮತ್ತು ಎ ಹೊರಗೆ ಬರುತ್ತವೆ. ನಿಮಗೆ ಕಂಡದ್ದು ಇದೇ.

ವರ್ಡ್‌ನಲ್ಲಿ ಫೈಲ್ ತೆರೆದು, ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿ ಮೇಲುಗಡೆ ಫಾಂಟಿನ ಹೆಸರು ತೋರಿಸುವ ಚೌಕ ನೋಡಿ. ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಅದರ ಹೆಸರು ಅಲ್ಲಿ ಉಳಿದಿರುತ್ತದೆ. ‘ನುಡಿ’ ಎಂದಿದ್ದರೆ ನುಡಿ, ‘ಬಿಆರ್‌ಎಚ್’ ಎಂದು ಶುರುವಾದರೆ ಬರಹ, ‘ಶ್ರೀ-ಕನ್’ ಎಂದಿದ್ದರೆ ಶ್ರೀಲಿಪಿ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಏಕೆಂದರೆ ಹಳೆಯ ಪಠ್ಯವನ್ನು ಇಂದಿನ ಕನ್ನಡಕ್ಕೆ ಬದಲಿಸಿಕೊಡುವ ಪರಿವರ್ತಕ ಒಂದೊಂದಕ್ಕೂ ಬೇರೆ, ಒಂದರ ಪರಿವರ್ತಕಕ್ಕೆ ಇನ್ನೊಂದರ ಪಠ್ಯ ಕೊಟ್ಟರೆ ಬರುವುದು ಮತ್ತೊಂದು ಬಗೆಯ ಗೋಜಲು.

ನುಡಿಯದ್ದೇ ಆಗಿದ್ದರೆ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಹಾಕಿಕೊಂಡ ಕೂಡಲೇ ಹಾಡುಗಳು ಮೊದಲಿನಂತೆ ಕಾಣುತ್ತವೆ. ಅಷ್ಟಕ್ಕೇ ನಿಲ್ಲಿಸಬೇಡಿ. ಅವುಗಳನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಟ್ಟಿರುವ ವ್ಯವಸ್ಥೆಗೆ, ಪರಿವರ್ತಿಸಿಕೊಳ್ಳಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಬಿಟ್ಟಿದ್ದಾರೆ, ‘ಕ’ ಎಂಬುದು ಒಳಗೂ ‘ಕ’ವೇ. ಆಮೇಲೆ ಆ ಹಾಡನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಬಹುದು, ಫೋನಿನಲ್ಲಿ ಓದಬಹುದು, ‘ಬಾಸಿಂಗ’ ಎಂದು ಹುಡುಕಿದರೆ ಆ ಪದ ಬರುವ ಹಾಡುಗಳೆಲ್ಲ ಸಿಗುತ್ತವೆ. ನುಡಿಯ ಹೊಸ ಆವೃತ್ತಿಯಲ್ಲೂ ಬರಹದಲ್ಲೂ ಪರಿವರ್ತಕ ಜೊತೆಗೇ ಇದೆ.

ಪರಿವರ್ತಿಸಿದ ಮೇಲೆ ದಯವಿಟ್ಟು ಒಂದು ಸಲ ಕೂತು ಓದಿ. ತಪ್ಪು ಸಾಮಾನ್ಯವಾಗಿ ಎಲ್ಲಿರುತ್ತದೆ ಎಂದು ನನಗೆ ಗೊತ್ತು. ಅರ್ಕಾವತ್ತು ಇರುವ ಕಡೆ ಮೊದಲು ನೋಡಿ: ಸೂರ್ಯ, ಧರ್ಮ, ಕಾರ್ಯ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಅದನ್ನು ಜಾಗ ಬದಲಿಸುವಾಗ ಪರಿವರ್ತಕ ಎಡವುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡವಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಟೈಪಿಸಿದ ‘ಸಿಡಿ’ ಎಂಬ ಎರಡಕ್ಷರ ನುಡಿಯಿಂದ ಪರಿವರ್ತನೆಯಾದಾಗ ‘ಅಆ’ ಎಂದಾಗುತ್ತದೆ, ಏಕೆಂದರೆ ನುಡಿ ಫಾಂಟಿನಲ್ಲಿ ಆ ಎರಡು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದದ್ದು ಅ ಮತ್ತು ಆ. ನೂರು ಹಾಡಿಗೆ ದಿನಕ್ಕೊಂದು ಗಂಟೆ ಕೂತರೆ ಎರಡು ವಾರ ಸಾಕು. ಹಳೆಯ ಫೈಲನ್ನು ಮಾತ್ರ ಅಳಿಸಬೇಡಿ. ಅನುಮಾನ ಬಂದಾಗ ಹೋಲಿಸಿ ನೋಡಲು ಅದೇ ಮೂಲ.

ಇಷ್ಟಾದ ಮೇಲೆ ಒಂದು ಪ್ರತಿ ಮುದ್ರಿಸಿ ಮನೆಯಲ್ಲಿಡಿ. ಇದು ಕಂಪ್ಯೂಟರ್ ಸಲಹೆಯಲ್ಲ, ಆದರೂ ಹೇಳುತ್ತಿದ್ದೇನೆ.

ಕಂಪ್ಯೂಟರ್ ಆನ್ ಆಗಲು ಹತ್ತು ನಿಮಿಷ. ಸಿ ಡ್ರೈವ್ ತುಂಬಿ ಕೆಂಪಾಗಿದೆ. ಫಾರ್ಮ್ಯಾಟ್ ಮಾಡಿಸೋಣ ಎಂದಿದ್ದೇನೆ. ಫೋಟೋಗಳೆಲ್ಲ ಡಿ ಡ್ರೈವಿನಲ್ಲಿವೆ, ಏನೂ ಆಗುವುದಿಲ್ಲ ಅಲ್ಲವೇ ಮೇಡಂ?
— ದಿನಸಿ ಅಂಗಡಿ ಮಾಲೀಕರು, ಶಿಕಾರಿಪುರ

ಆಗುತ್ತದೆ. ಈ ನಂಬಿಕೆಯಿಂದಲೇ ಎಷ್ಟೋ ಮನೆಗಳ ಫೋಟೋಗಳು ಹೋಗಿವೆ. ಸಿ ಮತ್ತು ಡಿ ಬೇರೆ ಬೇರೆ ಡಬ್ಬಿಗಳಲ್ಲ. ಬಹಳಷ್ಟು ಮನೆಯ ಕಂಪ್ಯೂಟರುಗಳಲ್ಲಿ ಇರುವುದು ಒಂದೇ ಹಾರ್ಡ್‌ಡಿಸ್ಕ್, ನಡುವೆ ಒಂದು ಗೀಟು ಎಳೆದು ಎರಡು ಹೆಸರಿಟ್ಟಿರುತ್ತಾರೆ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ವಿಂಡೋಸ್ ಹಾಕುವವರು ಆ ಗೀಟನ್ನೇ ಅಳಿಸಿ ಹೊಸದಾಗಿ ಎಳೆದರೂ ಎರಡೂ ಹೋಗುತ್ತವೆ. ಅಲ್ಲದೆ ಡೆಸ್ಕ್‌ಟಾಪ್ ಮೇಲಿರುವುದು, ‘ಡಾಕ್ಯುಮೆಂಟ್ಸ್’ನಲ್ಲಿರುವುದು ಸಿ ಡ್ರೈವಿನಲ್ಲೇ ಇರುತ್ತದೆ ಎಂಬುದೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

2008ರಲ್ಲಿ ನನ್ನ ಅಂಗಡಿಯ ಕಂಪ್ಯೂಟರ್ ಹೀಗೇ ನಿಧಾನವಾಗಿತ್ತು. ರಿಪೇರಿಗೆ ಕೊಟ್ಟೆ. ‘ಡಿ ಮುಟ್ಟಲ್ಲ’ ಎಂದಿದ್ದವರು ಸಂಜೆ ತಂದುಕೊಟ್ಟಾಗ ಡಿ ಖಾಲಿ ಇತ್ತು. ಗಿರಾಕಿಗಳ ಕೆಲಸವನ್ನು ಮತ್ತೆ ಮಾಡಿಕೊಟ್ಟೆ. ನನ್ನ ಅಪ್ಪ ಹೇಳಿ ಬರೆಸಿದ್ದ ನಾಟಿ ಔಷಧದ ನಲವತ್ತು ಪುಟ ಇತ್ತು, ಅದನ್ನು ಮತ್ತೆ ಬರೆಯಲು ಅಪ್ಪ ಇರಲಿಲ್ಲ. ಆ ಸಂಜೆಯ ನೆನಪಿನಲ್ಲೇ ಇಂಥ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ.

ಆದ್ದರಿಂದ ಮೊದಲು ಹೊರಗಿನ ಒಂದು ಹಾರ್ಡ್‌ಡಿಸ್ಕ್ ತಂದು ಎಲ್ಲವನ್ನೂ ನಕಲು ಮಾಡಿ. ನಕಲು ಮಾಡಿದ ಮೇಲೆ ಅದರಲ್ಲಿನ ನಾಲ್ಕಾರು ಫೋಟೋ, ಅಂಗಡಿ ಲೆಕ್ಕದ ಫೈಲ್ ತೆರೆದು ನೋಡಿ. ಆಮೇಲೆ ಇದನ್ನು ಮಾಡಿ: ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರಲ್ಲಿ ‘ಸ್ಟೋರೇಜ್’, ಅದರಲ್ಲಿ ‘ಟೆಂಪೊರರಿ ಫೈಲ್ಸ್’. ಅಲ್ಲಿನ ಕಸವನ್ನು ಅಳಿಸಬಹುದು. ಆದರೆ ಆ ಪಟ್ಟಿಯಲ್ಲೇ ‘ಡೌನ್‌ಲೋಡ್ಸ್’ ಎಂಬುದೂ ಇರುತ್ತದೆ. ಅದು ಕಸವಲ್ಲ, ನೀವು ಇಳಿಸಿಕೊಂಡ ರಸೀದಿ, ಪಹಣಿ, ಅಂಕಪಟ್ಟಿ ಎಲ್ಲ ಇರುವ ಜಾಗ. ಅದರ ಮುಂದೆ ಗುರುತು ಇದ್ದರೆ ತೆಗೆದುಬಿಡಿ.

ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಏನೂ ಕೆಲಸ ಮಾಡದಿದ್ದಾಗಲೂ ‘ಡಿಸ್ಕ್’ ಬಹಳ ಹೊತ್ತು 100 ತೋರಿಸುತ್ತಿದ್ದರೆ, ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಫಾರ್ಮ್ಯಾಟ್ ಮಾಡಿಸಿ ಪ್ರಯೋಜನವಿಲ್ಲ. ಹಾರ್ಡ್‌ಡಿಸ್ಕ್‌ಗೇ ವಯಸ್ಸಾಗಿರಬಹುದು. ಆ ದುಡ್ಡನ್ನು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕಿಗೆ, ಹಾಕಿ. ಲೆಕ್ಕ, ಇಂಟರ್ನೆಟ್‌ಗೆ 256 ಜಿಬಿ ಸಾಕು, ಹತ್ತು ನಿಮಿಷ ಎಂಬುದು ಅರ್ಧ ನಿಮಿಷಕ್ಕೆ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಚ್ಚಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಕೇಳಿ ತನ್ನಿ.

ದಿನಾ ಬೆಳಿಗ್ಗೆ ಕಂಪ್ಯೂಟರಿನ ತಾರೀಕು ಯಾವುದೋ ಹಳೆಯ ವರ್ಷಕ್ಕೆ ಹೋಗುತ್ತದೆ. ಜಿಮೇಲ್ ತೆರೆದರೆ ಸುರಕ್ಷಿತವಲ್ಲ ಎಂದು ಬರುತ್ತದೆ. ಮದರ್‌ಬೋರ್ಡ್ ಹೋಗಿದೆ ಎಂದರು.
— ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ

ಮಗಳೇ, ಮೊದಲು ಬ್ಯಾಟರಿ ಬದಲಿಸಿ ನೋಡು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದು. ಹೆಚ್ಚಿನವುಗಳ ಮೇಲೆ ಸಿಆರ್ 2032 ಎಂದಿರುತ್ತದೆ, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ವೈರ್ ಕಿತ್ತು, ಪೆಟ್ಟಿಗೆಯ ಕಬ್ಬಿಣವನ್ನು ಒಂದು ಸಲ ಮುಟ್ಟಿ, ಪಕ್ಕದ ಕೊಕ್ಕೆ ಸರಿಸಿದರೆ ಹಳೆಯದು ಮೇಲೇಳುತ್ತದೆ. ಹೊಸದರ ಅಧಿಕ ಚಿಹ್ನೆ ಮೇಲಿರಲಿ. ಲ್ಯಾಪ್‌ಟಾಪ್ ಆದರೆ ನೀನೇ ಬಿಚ್ಚಬೇಡ.

ಜಿಮೇಲ್ ತೆರೆಯದಿರುವುದಕ್ಕೂ ಇದೇ ಕಾರಣ. ಪ್ರತಿ ಸುರಕ್ಷಿತ ತಾಣಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರ ಇರುತ್ತದೆ. ನಿನ್ನ ಕಂಪ್ಯೂಟರ್ ಹಳೆಯ ವರ್ಷದಲ್ಲಿ ನಿಂತು ನೋಡಿದಾಗ ಆ ಪತ್ರ ಇನ್ನೂ ಜಾರಿಗೇ ಬಂದಿರುವುದಿಲ್ಲ. ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡ. ಚಿಕ್ಕ ಮಕ್ಕಳು ನುಂಗಿದರೆ ಗಂಟಲು, ಅನ್ನನಾಳ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಅಡುಗೆ ವಿಡಿಯೋ ನೋಡುತ್ತಿದ್ದಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಎಚ್ಚರಿಕೆ, ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ ಎಂದು ಕೂಗುವ ದನಿ. ಮುಚ್ಚಲೂ ಆಗಲಿಲ್ಲ. ನಮ್ಮವರು ಕರೆ ಮಾಡಿ, ಅವರು ಹೇಳಿದ ಒಂದು ಆ್ಯಪ್ ಹಾಕಿಕೊಂಡರು. ಆಮೇಲೆ ಭಯವಾಗಿ ಆಫ್ ಮಾಡಿದೆವು.
— ಓದುಗರು, ಹುಬ್ಬಳ್ಳಿ

ಆಫ್ ಮಾಡಿದ್ದು ಒಳ್ಳೆಯದಾಯಿತು. ಅದು ವೈರಸ್ಸಲ್ಲ, ಹೆದರಿಸಲೆಂದೇ ಮಾಡಿದ ಒಂದು ಪುಟ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ನಿಮ್ಮವರನ್ನು ಬೈಯಬೇಡಿ, ಓದಿದವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಆ ಆ್ಯಪ್ ಮೂಲಕ ಅವರಿಗೆ ನಿಮ್ಮ ಪರದೆ ಕಾಣುತ್ತದೆ, ಮೌಸನ್ನೂ ಅವರೇ ಆಡಿಸಬಹುದು. ಆದ್ದರಿಂದ ರೂಟರ್ ಆಫ್ ಮಾಡಿ, ನಂತರ ಕಂಪ್ಯೂಟರ್ ಆನ್ ಮಾಡಿ ಆ ಆ್ಯಪನ್ನು ತೆಗೆದುಹಾಕಿ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ, ಇದೇ ಕಂಪ್ಯೂಟರಿನಿಂದಲ್ಲ. ಬ್ಯಾಂಕಿಗೆ ತಿಳಿಸಿ. ಒಂದು ರೂಪಾಯಿ ಹೋಗಿದ್ದರೂ 1930ಕ್ಕೆ ಕರೆ ಮಾಡಿ. ಅದು ಹಣದ ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಮತ್ತೆ ಅಂಥ ಪುಟ ಬಂದರೆ ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ಆಲ್ಟ್ ಮತ್ತು ಎಫ್4 ಒತ್ತಿ. ಮುಚ್ಚಿಹೋಗುತ್ತದೆ. ಬ್ರೌಸರ್ ಮತ್ತೆ ತೆರೆದಾಗ ‘ಹಳೆಯ ಪುಟ ತೆರೆಯಲೇ’ ಎಂದು ಕೇಳಿದರೆ ಬೇಡ ಎನ್ನಿ.

ಇ-ಆಧಾರ್ ಪಿಡಿಎಫ್ ಇಳಿಸಿಕೊಂಡೆ, ಪಾಸ್‌ವರ್ಡ್ ಕೇಳುತ್ತದೆ. ನಾನು ಇಟ್ಟೇ ಇಲ್ಲ!
— ರೈತರು, ಹಾನಗಲ್

ಆಧಾರ್‌ನಲ್ಲಿರುವ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ಇಸವಿ. ಸುರೇಶ, 1990 ಎಂದಾದರೆ ಎಸ್, ಯು, ಆರ್, ಇ, ಆಮೇಲೆ 1990. ಸೈಬರ್ ಸೆಂಟರಿನಲ್ಲಿ ಇಳಿಸಿಕೊಂಡಿದ್ದರೆ ಅಲ್ಲಿನ ಕಂಪ್ಯೂಟರಿನಿಂದ ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆಸಿ ಬನ್ನಿ.

ನನ್ನದು 2014ರ ಕಂಪ್ಯೂಟರ್, ವಿಂಡೋಸ್ 10 ಇದೆ. ಅದು ಮುಗಿಯಿತು, ಹೊಸದು ಕೊಳ್ಳಿ ಎನ್ನುತ್ತಾರೆ. ಪಿಂಚಣಿಯಲ್ಲಿ ಬದುಕುವವನು. ಲೇಖನ ಬರೆಯುವುದು, ಮೇಲ್ ಕಳಿಸುವುದು ಇಷ್ಟೇ ನನ್ನ ಬಳಕೆ.
— ನಿವೃತ್ತ ಶಿಕ್ಷಕರು, ಶಿರಸಿ

ಮೇಷ್ಟ್ರೇ, 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತಿದ್ದ ಮಾಮೂಲಿ ಭದ್ರತಾ ತೇಪೆಗಳು, ಅಂದರೆ ಅಪ್‌ಡೇಟ್‌ಗಳು. ಕಂಪ್ಯೂಟರ್ ಆ ದಿನದಿಂದ ನಿಂತುಹೋಗಿಲ್ಲ, ಆದರೆ ತೇಪೆಯಿಲ್ಲದೆ ಬ್ಯಾಂಕ್ ಕೆಲಸ ಮಾಡುವುದು ಒಳ್ಳೆಯದಲ್ಲ. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಆ ತೇಪೆಗಳನ್ನು ಮುಂದುವರಿಸುವ ಯೋಜನೆಯೊಂದನ್ನು ಕೊಟ್ಟಿದ್ದಾರೆ. ನಿಮ್ಮ ಯಂತ್ರದ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಬರುವುದಿಲ್ಲ.

ನಿಮ್ಮ ಬಳಕೆಗೆ ನಾನು ಹೇಳುವುದು ಲಿನಕ್ಸ್ ಮಿಂಟ್, ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ವ್ಯವಸ್ಥೆ. ಹಣ ಕೊಡಬೇಕಿಲ್ಲ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ ಇಷ್ಟವಾದರೆ ಮಾತ್ರ ಹಾಕಿಸಿಕೊಳ್ಳಬಹುದು. ನಿಮಗೆ ಕೈ ಪಳಗಿರುವ ನುಡಿಯ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ, ‘ಕೆಜಿಪಿ’ ಎಂಬ ಹೆಸರಿನಲ್ಲಿ ಹುಡುಕಿಸಿ. ಹಾಕಿಸುವ ಮೊದಲು ಲೇಖನಗಳೆಲ್ಲ ಹೊರಗಿನ ಡಿಸ್ಕಿನಲ್ಲಿ ಇರಬೇಕು. ಮೊಮ್ಮಕ್ಕಳು ಹಾಕಿಕೊಡುತ್ತಾರೆಂದರೂ ಈ ಒಂದು ಕೆಲಸ ನಿಮ್ಮ ಕೈಯಿಂದಲೇ ಆಗಲಿ.

ಸಿಡಿಲಿಗೆ ಎರಡು ಸಲ ಕಂಪ್ಯೂಟರ್ ಹೋಯಿತು. ಯುಪಿಎಸ್ ಇತ್ತು. ಇನ್ನೇನು ಮಾಡಬೇಕು?
— ಅಡಿಕೆ ಬೆಳೆಗಾರರು, ಹೊಸನಗರ

ಯುಪಿಎಸ್ ಇರುವುದು ಕರೆಂಟ್ ಹೋದಾಗ ಕಾಯಲು, ಸಿಡಿಲನ್ನು ತಡೆಯಲು ಅಲ್ಲ. ಸ್ವಿಚ್ ಆರಿಸಿದರೂ ಸಾಲದು, ಪ್ಲಗ್ ಕಿತ್ತು ಹೊರಗಿಡಬೇಕು. ದೂರದಲ್ಲಿ ಗುಡುಗು ಕೇಳಿದಾಗಲೇ ಕೀಳಿ, ತಲೆಯ ಮೇಲೆ ಬಂದಾಗ ವೈರ್ ಮುಟ್ಟಬೇಡಿ. ಫೈಬರ್ ಇಂಟರ್ನೆಟ್ ಇದ್ದರೆ ಅಪಾಯವಿಲ್ಲ ಎಂದುಕೊಳ್ಳುತ್ತಾರೆ. ಫೈಬರ್ ಗಾಜಿನ ಎಳೆ ನಿಜ, ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿದೆ, ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ವೈರ್ ತಾಮ್ರದ್ದು. ಅದನ್ನೂ ಕೀಳಿ. ಮನೆಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ಈ ಬೇಸಿಗೆಯಲ್ಲೇ ನೋಡಿಸಿ.

ನಕಲು ಇಟ್ಟ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಡುವವರನ್ನು ನೋಡಿದ್ದೇನೆ. ಸಿಡಿಲು ಬಂದರೆ ಎರಡೂ ಒಟ್ಟಿಗೆ ಸುಡುತ್ತವೆ. ಕೆಲಸ ಮುಗಿದ ಕೂಡಲೇ ಬಿಚ್ಚಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಆ ತೇವ ಹೀರುವ ಪೊಟ್ಟಣ ಎರಡು ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮೇಲೆ ತಾರೀಕು ಬರೆದು ಅಟ್ಟಕ್ಕಲ್ಲ, ಕಪಾಟಿನ ಒಳಗೆ ಇಡಿ.