ಪ್ರತಿಕ್ರಿಯೆ: ಒಂದೇ ಕಡೆ ಸಿಹಿನೀರಿನ ಮೀನು, ಉಪ್ಪುನೀರಿನ ಮೀನು ಎರಡೂ ಹೇಗೆ?

ನದಿಯ ಒಂದೇ ತಿರುವಿನಲ್ಲಿ ಒಂದು ದಿನ ಸಿಹಿನೀರಿನ ಮೀನು, ಮರುದಿನ ಅದೇ ಹೊತ್ತಿಗೆ ಸಮುದ್ರದ ಮೀನು ಸಿಕ್ಕಿತು, ಯಾಕೆ ಅಂತ ಕೇಳಿದ್ದೀರಿ. ಗಡಿಯಾರ ಬಿಡಿ, ಉಬ್ಬರ ನೋಡಿ: ಸಮುದ್ರದ ನೀರು ನದಿಯೊಳಕ್ಕೆ ಬರುವುದು ಅದರ ಜೊತೆಗೇ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ, ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಉಪ್ಪುನೀರೂ ಸಾಮಾನ್ಯವಾಗಿ ನದಿಯಲ್ಲಿ ಇನ್ನಷ್ಟು ಒಳಕ್ಕೆ ಬರುತ್ತದೆ.

ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟವಾದದ್ದು. ಉಪ್ಪುನೀರು ಭಾರ, ಅದು ಸಿಹಿನೀರಿನ ಅಡಿಯಲ್ಲಿ ನುಗ್ಗುತ್ತದೆ. ಉಬ್ಬರ ಶುರುವಾಗುವಾಗ ಗಮನಿಸಿ: ಮೇಲೆ ತೇಲುವ ಎಲೆ ಇನ್ನೂ ಸಮುದ್ರದ ಕಡೆ ಹೋಗುತ್ತಿರುತ್ತದೆ, ಆದರೆ ತಳದಲ್ಲಿರುವ ನಿಮ್ಮ ಗಾಳದ ದಾರ ಮೆಲ್ಲಗೆ ಅದಕ್ಕೆ ಎದುರಾಗಿ, ನದಿ ಹರಿದು ಬರುವ ಕಡೆಗೆ ಎಳೆಯುತ್ತದೆ. ಅಂದರೆ ಒಂದೇ ಜಾಗದಲ್ಲಿ ಎರಡು ನದಿ ಇದ್ದ ಹಾಗೆ ಅಲ್ವಾ? ತಳಕ್ಕೆ ಸೀಗಡಿ ಕಟ್ಟಿ, ಮೇಲಿನ ನೀರಿಗೆ ಎರೆಹುಳ.

ಇಳಿತ ಶುರುವಾದ ಮೇಲೆ ಸಣ್ಣ ತೊರೆ ನದಿಗೆ ಸೇರುವ ಬಾಯಿ ಬಿಡಬೇಡಿ. ಒಳಗಿದ್ದ ಸಣ್ಣ ಮೀನು, ಸೀಗಡಿ ಎಲ್ಲ ಅಲ್ಲಿಂದಲೇ ಹೊರಬರಬೇಕು, ದೊಡ್ಡವು ಅಲ್ಲೇ ಕಾಯುತ್ತವೆ. ನೀರು ಪೂರ್ತಿ ನಿಂತಾಗ ಸಾಮಾನ್ಯವಾಗಿ ಕಚ್ಚುವುದು ಕಡಿಮೆ, ಆಗ ಊಟ ಮಾಡಿಕೊಳ್ಳಿ. ಜೋರು ಮಳೆ ಬಂದರೆ ಸಿಹಿನೀರು ಉಪ್ಪುನೀರನ್ನು ಸಮುದ್ರದ ಕಡೆಗೆ ತಳ್ಳುತ್ತದೆ, ಆಗ ಸಮುದ್ರದ ಮೀನಿಗೆ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರವೇ ಹೋಗಿ.

ಮನೆಗೆ ಬಂದ ತಕ್ಷಣ ರೀಲ್‌ ಅನ್ನು ಸಿಹಿನೀರಿನಲ್ಲಿ ತೊಳೆಯಿರಿ. ಮತ್ತೆ ಉಬ್ಬರದ ಹೊತ್ತಲ್ಲಿ ಕೆಸರಿನ ದಿಬ್ಬದ ಮೇಲೆ ನಿಲ್ಲಲೇಬೇಡಿ, ಹಿಂದಿನಿಂದ ನೀರು ಸುತ್ತುವರಿದದ್ದು ಗೊತ್ತೇ ಆಗುವುದಿಲ್ಲ.