ಅಲಿ–ಫ್ರೇಜಿಯರ್ ಲೇಖನದ ಬಗ್ಗೆ

ನಮಸ್ಕಾರ.

‘ರಿಂಗ್‌ನಲ್ಲಿ ಹುಲಿಗಳು, ಹೊರಗೆ ಅಣ್ಣತಮ್ಮಂದಿರು’ ಓದಿದೆ. ಬಾಕ್ಸಿಂಗ್ ಬಗ್ಗೆ ನಿಮಗಿರುವ ಹುಚ್ಚು ಸಾಲುಸಾಲಿನಲ್ಲೂ ಕಾಣುತ್ತದೆ. ಆದರೆ ಈಗಿರುವ ಹಾಗೆ ಇದನ್ನು ಹಾಕಲಾರೆ. ನೀವು ಬರೆದ ಹಾಗೆ ಅಮೆರಿಕದ ಬಾಕ್ಸರ್‌ಗಳಾದ ಮುಹಮ್ಮದ್ ಅಲಿ, ಜೋ ಫ್ರೇಜಿಯರ್ ಅಣ್ಣತಮ್ಮಂದಿರಂತೆ ಬಾಳಲಿಲ್ಲ.

ಸೇನೆ ಸೇರಲೊಪ್ಪದೆ 1967ರಲ್ಲಿ ಅಲಿ ಬಾಕ್ಸಿಂಗ್ ಲೈಸೆನ್ಸ್ ಕಳೆದುಕೊಂಡಾಗ, ಅದನ್ನು ಮರಳಿ ಕೊಡಿಸಲು ಫ್ರೇಜಿಯರ್ ಓಡಾಡಿದ, ಕೈಗೆ ದುಡ್ಡೂ ಕೊಟ್ಟ. ಅದೇ ಫ್ರೇಜಿಯರ್‌ನನ್ನು ಅಲಿ ಬಿಳಿಯರ ಬಾಲಬಡುಕನೆಂದು ಹಂಗಿಸಿದ. 1975ರಲ್ಲಿ ಮನಿಲಾದಲ್ಲಿ ಇಬ್ಬರೂ ಸೆಣಸಿದ ಪಂದ್ಯಕ್ಕೆ ಮುಂಚೆ ಗೊರಿಲ್ಲಾ ಎಂದ. ಪತ್ರಕರ್ತರ ಎದುರು ಪುಟ್ಟ ಗೊರಿಲ್ಲಾ ಗೊಂಬೆಗೆ ಗುದ್ದಿ ಎಲ್ಲರನ್ನೂ ನಗಿಸಿದ. ಫ್ರೇಜಿಯರ್‌ಗೆ ಆ ನೋವು ದಶಕಗಟ್ಟಲೆ ಆರಲಿಲ್ಲ. ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದ್ದು 2001ರಲ್ಲಿ. ಇದನ್ನೆಲ್ಲ ಬಿಟ್ಟು, 2011ರಲ್ಲಿ ಫ್ರೇಜಿಯರ್ ಅಂತ್ಯಕ್ರಿಯೆಗೆ ಅಲಿ ಬಂದದ್ದನ್ನಷ್ಟೇ ಹೇಳಿದರೆ ಅದು ತಿಪ್ಪೆ ಸಾರಿಸಿದಂತೆ.

ನಿಮಗೆ ಬೇಕಾದ ದೊಡ್ಡತನ ಆ ಮನಿಲಾ ಪಂದ್ಯದಲ್ಲೇ ಇದೆ, ನೀವು ಅರ್ಧ ವಾಕ್ಯದಲ್ಲಿ ದಾಟಿದ ಜಾಗದಲ್ಲಿ. 1975ರ ಅಕ್ಟೋಬರ್ 1, ಹದಿನೈದು ಸುತ್ತುಗಳ ಪಂದ್ಯದಲ್ಲಿ ಹದಿನಾಲ್ಕನೇ ಸುತ್ತು ಮುಗಿದು ಫ್ರೇಜಿಯರ್ ತನ್ನ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಾನೆ. ಅವನ ಎಡಗಣ್ಣಿಗೆ ಮೊದಲೇ ಪೊರೆ; ಈಗ ಬಲಗಣ್ಣೂ ಊದಿ ಮುಚ್ಚಿದೆ. ಅಲಿಯ ಬಲಗೈ ಬರುವುದೇ ಅವನಿಗೆ ಕಾಣುತ್ತಿಲ್ಲ. ಆದರೂ ಏಳುತ್ತೇನೆ ಅನ್ನುತ್ತಾನೆ. ಕೋಚ್ ಎಡ್ಡಿ ಫಚ್ ಬಿಡುವುದಿಲ್ಲ, ಪಂದ್ಯ ನಿಲ್ಲಿಸುತ್ತಾನೆ. ಉಳಿದಿದ್ದದ್ದು ಮೂರೇ ನಿಮಿಷ! ನೀವು ಬರೆಯಬೇಕಾದದ್ದು ಆ ಸ್ಟೂಲಿನ ಪಕ್ಕ ನಡೆದದ್ದನ್ನು. ‘ಸಿಡಿಲಿನಂಥ ಹೊಡೆತ’, ‘ಬೆಂಕಿಯಂಥ ಕಣ್ಣು’ಗಳು ಬೇಡ.

ಸ್ನೇಹದ ಕಥೆಯೇ ಬೇಕೆಂದರೆ ಬಾಕ್ಸರ್‌ಗಳಾದ ಆರ್ಟುರೊ ಗ್ಯಾಟಿ, ಮಿಕ್ಕಿ ವಾರ್ಡ್ ಇದ್ದಾರೆ. 2002ರ ಮೇ ತಿಂಗಳಲ್ಲಿ ನಡೆದ ಅವರಿಬ್ಬರ ಮೊದಲ ಪಂದ್ಯದ ಒಂಬತ್ತನೇ ಸುತ್ತು ನೋಡಿ. ವಾರ್ಡ್‌ನ ಎಡ ಹುಕ್ (ತೋಳು ಬಾಗಿಸಿ ಬೀಸುವ ಗುದ್ದು) ಗ್ಯಾಟಿಯ ಪಕ್ಕೆಯ ಕೆಳಗೆ ಬೀಳುತ್ತದೆ; ಗ್ಯಾಟಿ ಮುಖ ಕಿವುಚಿಕೊಂಡು ಮಂಡಿಯೂರುತ್ತಾನೆ. ಎದ್ದು, ಅದೇ ಸುತ್ತಿನಲ್ಲಿ ತಿರುಗಿ ಬಾರಿಸುತ್ತಾನೆ. ಆ ಪಂದ್ಯ ವಾರ್ಡ್‌ಗೆ, ಮುಂದಿನೆರಡು ಗ್ಯಾಟಿಗೆ. ಒಟ್ಟು ಮೂವತ್ತು ಸುತ್ತು ಹೊಡೆದಾಡಿದವರು ಗೆಳೆಯರಾದರು. 2007ರಲ್ಲಿ ಗ್ಯಾಟಿಯ ಕೊನೆಯ ಪಂದ್ಯಕ್ಕೆ ಅವನನ್ನು ತಯಾರು ಮಾಡಿದವನು ವಾರ್ಡ್. ಇಲ್ಲಿ ಕ್ರೌರ್ಯ ಬೇರೆ, ಸೌಜನ್ಯ ಬೇರೆ ಅಂತ ಗೆರೆ ಎಳೆಯುವುದು ಕಷ್ಟ. ಒಬ್ಬ ಕೈ ತಡೆದು ಹೊಡೆದಿದ್ದರೂ ಆ ಗೌರವ ಹುಟ್ಟುತ್ತಿರಲಿಲ್ಲ ಅಂತ ನನ್ನ ಗುಮಾನಿ. ನೀವು ಒಪ್ಪಬೇಕಿಲ್ಲ, ಆದರೆ ಈ ಪ್ರಶ್ನೆಗೆ ಲೇಖನ ಮುಖ ಕೊಡಬೇಕು.

ಮೈಕ್ ಟೈಸನ್ ಎದುರಾಳಿಯ ಕಿವಿ ಕಚ್ಚಿದ ಪ್ಯಾರಾ ತೆಗೆಯಿರಿ, ಅದು ಎಲ್ಲರಿಗೂ ಗೊತ್ತು. ಶೀರ್ಷಿಕೆ ಬದಲಿಸಿ. ಎರಡು ಜೋಡಿಗಳಲ್ಲಿ ಒಂದನ್ನು ಆರಿಸಿಕೊಂಡು, ಪಂದ್ಯದ ವಿಡಿಯೊ ಇನ್ನೊಮ್ಮೆ ನೋಡಿ, ಎಂಟುನೂರು ಪದದೊಳಗೆ ಬರೆದು ಕಳಿಸಿ. ನಾನೇ ಓದುತ್ತೇನೆ.

— ಸಂಪಾದಕ